ಅರೆತಲೆನೋವು ಮತ್ತು ಸೋರಿಯಾಸಿಸ್: ದಂಪತಿಗಳು ತಿಳಿದಿರಬೇಕಾದುದು

ತಲೆಯ ಒಂದು ಪಾರ್ಶ್ವ ಸಿಡಿದುಹೋಗುವಂತೆ ನೋಯುವುದು, ವಾಕರಿಕೆ ಬರುವುದು, ಬೆಳಕನ್ನು ಸಹಿಸಲಾಗದಿರುವುದು ಅರೆತಲೆನೋವಿನ, ಎಂದರೆ ಮೈಗ್ರೇನಿನ, ಲಕ್ಷಣಗಳು. ಮೊಣಕೈ, ಮೊಣಕಾಲು, ನೆತ್ತಿಗಳಲ್ಲಿ ಕೆಂಪು ಮಚ್ಚೆಗಳೆದ್ದು ಬೆಳ್ಳಗಿನ ಹೊಟ್ಟು ಉದುರುವುದು ಸೋರಿಯಾಸಿಸ್. ಇವೆರಡಕ್ಕೂ ನಂಟಿರುವಂತೆ ತೋರುತ್ತದೆ. ಎರಡರ ಔಷಧಗಳೂ ಕುಟುಂಬ ಯೋಜನೆಗೆ ಸಂಬಂಧಿಸಿರುವುದರಿಂದ ಪತಿಪತ್ನಿಯರಿಬ್ಬರೂ ಈ ಪಾಠವನ್ನು ಓದುವುದು ಅವಶ್ಯ.

ನಂಟು ಎಂತಹುದು?

ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು ನಾಲ್ವರಿಗೊಬ್ಬರು ಒಂದು ವರ್ಷದ ಅವಧಿಯಲ್ಲಿ ಅರೆತಲೆನೋವಿನಿಂದ ಬಳಲಿದ್ದರು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು. ಅದೇ ವರ್ಷ ಪ್ರಕಟವಾದ ಡೆನ್ಮಾರ್ಕ್ ದೇಶದ ಅಧ್ಯಯನವೊಂದರಲ್ಲಿ, ಸೋರಿಯಾಸಿಸ್ ಇರುವವರಿಗೆ ಅರೆತಲೆನೋವು ಬರುವ ಸಂಭವ ಇತರರಿಗಿಂತ ಅಧಿಕವೆಂದು ಕಂಡುಬಂದಿತು. ಚರ್ಮರೋಗ ತೀವ್ರವಾಗಿದ್ದಷ್ಟೂ ಸಂಭವ ಹೆಚ್ಚು. ಶರೀರದ ರಕ್ಷಣಾ ವ್ಯವಸ್ಥೆ ಕೆರಳಿ ಉಂಟಾಗುವ ಉರಿಯೂತ ಎರಡಕ್ಕೂ ಸಮಾನ ಕಾರಣವಿರಬಹುದೆಂಬುದು ತಜ್ಞರ ಊಹೆ. ಆದರೆ ಒಂದರಿಂದಲೇ ಇನ್ನೊಂದು ಹುಟ್ಟುತ್ತದೆಂದು ಸಿದ್ಧವಾಗಿಲ್ಲ.

ಸೋರಿಯಾಸಿಸ್ ಹುಳುಕಡ್ಡಿಯಂತೆ ಅಂಟುರೋಗವಲ್ಲ. ಸ್ಪರ್ಶದಿಂದಾಗಲಿ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದಾಗಲಿ, ದಾಂಪತ್ಯ ಸಂಬಂಧದಿಂದಾಗಲಿ ಹರಡುವುದಿಲ್ಲ. ಈ ಕಾರಣಕ್ಕೆ ಪತಿಯನ್ನು ಅಥವಾ ಪತ್ನಿಯನ್ನು ದೂರವಿಡುವುದು ಅನ್ಯಾಯ.

ಹೊಲಗೆಲಸದಲ್ಲಿ ಎಚ್ಚರಿಕೆ

ವಿ.ಸಿ. ಫಾರಂ ಸುತ್ತಲಿನ ನಾಲೆಯ ಬಯಲಿನಲ್ಲಿ ಕಬ್ಬು ಕಡಿಯುವವರಿಗೆ ಬಿಸಿಲು, ಹೊತ್ತು ಮೀರಿದ ಊಟ ತಪ್ಪಿದ್ದಲ್ಲ. ಗದ್ದೆಗೆ ರಾತ್ರಿ ನೀರು ಕಟ್ಟುವವರಿಗೆ ನಿದ್ರೆಯಿಲ್ಲ. ಇವೆಲ್ಲ ಅರೆತಲೆನೋವನ್ನು ಕೆರಳಿಸುತ್ತವೆ. ಕಬ್ಬಿನ ಗರಿ ಗೀರಿದ ಜಾಗದಲ್ಲಿಯೇ ಸೋರಿಯಾಸಿಸ್‌ನ ಹೊಸ ಮಚ್ಚೆ ಏಳಬಹುದು. ಆದ್ದರಿಂದ ತುಂಬುತೋಳಿನ ಅಂಗಿ ಧರಿಸಿರಿ. ಬುತ್ತಿ ಮತ್ತು ನೀರನ್ನು ಜೊತೆಗೆ ಒಯ್ಯಿರಿ. ಸ್ನಾನದ ನಂತರ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರಿರಿ.

ಔಷಧ ಮತ್ತು ಸಂತಾನ

1. ಅರೆತಲೆನೋವಿಗೆ ಕೊಡುವ ಪ್ರೊಪ್ರಾನೊಲಾಲ್ ಕೆಲವರಲ್ಲಿ ಸೋರಿಯಾಸಿಸನ್ನು ಉಲ್ಬಣಗೊಳಿಸುತ್ತದೆ. ತಲೆನೋವಿನ ವೈದ್ಯರಿಗೆ ಚರ್ಮರೋಗವನ್ನೂ, ಚರ್ಮದ ವೈದ್ಯರಿಗೆ ತಲೆನೋವನ್ನೂ ತಿಳಿಸಿರಿ.

2. ಅರೆತಲೆನೋವಿನ ವಾಲ್ಪ್ರೊಯೇಟ್, ಸೋರಿಯಾಸಿಸ್‌ನ ಮೆಥೊಟ್ರೆಕ್ಸೇಟ್ ಮತ್ತು ಅಸಿಟ್ರೆಟಿನ್ ಗರ್ಭದ ಶಿಶುವಿನಲ್ಲಿ ಅಂಗವೈಕಲ್ಯ ಉಂಟುಮಾಡಬಲ್ಲವು. ಇವನ್ನು ಸೇವಿಸುವ ಸ್ತ್ರೀ ಗರ್ಭ ಧರಿಸಬಾರದು. ಅಸಿಟ್ರೆಟಿನ್ ನಿಲ್ಲಿಸಿದ ಮೇಲೂ 3 ವರ್ಷ ಕಾಯಬೇಕು. ಔಷಧ ಸೇವಿಸುವವರು ಪತಿಯೇ ಆಗಿರಲಿ, ಪತ್ನಿಯೇ ಆಗಿರಲಿ, ಮಗು ಬೇಕೆನಿಸಿದಾಗ ಮೊದಲು ವೈದ್ಯರನ್ನು ಕಾಣಿರಿ.

3. ತಲೆನೋವಿಗೆ ಮುನ್ನ ಕಣ್ಣೆದುರು ಮಿಂಚು, ಅಂಕುಡೊಂಕಾದ ಗೆರೆಗಳು ಕಾಣುವ ಸ್ತ್ರೀಯರು ಮಾಲಾ-ಎನ್ ಮಾತ್ರೆ ಸೇವಿಸಬಾರದು. ಅದರಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಅಂತಹವರಿಗೆ ಕಾಪರ್-ಟಿ ವಂಕಿ ತಕ್ಕುದು. ಪತಿ ನಿರೋಧ್ ಬಳಸಬಹುದು. ಮಕ್ಕಳು ಸಾಕೆಂದು ನಿಶ್ಚಯಿಸಿದವರಿಗೆ ಪುರುಷ ಸಂತಾನಹರಣ ಶಸ್ತ್ರಚಿಕಿತ್ಸೆ ಸರಳ ಮಾರ್ಗ.

4. ಅಂಗಡಿಯಿಂದ ನೋವಿನ ಮಾತ್ರೆ ತಂದು ಪದೇಪದೇ ನುಂಗಿದರೆ ತಲೆನೋವು ನಿತ್ಯದ್ದಾಗುತ್ತದೆ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಹಠಾತ್ತನೆ ಹಿಂದೆಂದೂ ಕಾಣದಂತಹ ತಲೆನೋವು ಬಂದರೆ, ಕೈಕಾಲು ಬಲಗುಂದಿದರೆ, ಮಾತು ತೊದಲಿದರೆ 108ಕ್ಕೆ ಕರೆಮಾಡಿರಿ. ಗರ್ಭಿಣಿಗೆ ಐದು ತಿಂಗಳು ತುಂಬಿದ ನಂತರ ತೀವ್ರ ತಲೆನೋವು ಬಂದರೆ ಅದು ಹಳೆಯ ಅರೆತಲೆನೋವೇ ಎಂದು ಸುಮ್ಮನಿರಬಾರದು, ರಕ್ತದೊತ್ತಡ ಏರಿರಬಹುದು.

ಆರೋಗ್ಯ ಕೇಂದ್ರಕ್ಕೆ ಬರುವಾಗ ಹಳೆಯ ಚೀಟಿಗಳನ್ನೂ, ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ತನ್ನಿರಿ. ಸಾಧ್ಯವಾದರೆ ಇಬ್ಬರೂ ಜೊತೆಯಾಗಿ ಬನ್ನಿರಿ.