ಉಳಿದ ಸೊಪ್ಪು ಯಾರ ಪಾಲು? ಪುಲಿಕೇಶಿನಗರದಲ್ಲಿ ರೈತ ಸಂತೆ ನಡೆಸುವ ಬಗೆ

ಪುಲಿಕೇಶಿನಗರ, ಕಾಕ್ಸ್‌ಟೌನ್, ರಿಚರ್ಡ್ಸ್‌ಟೌನ್ ಕಡೆಯ ನಿವಾಸಿಗಳ ಸಂಘವೊಂದು ರೈತ ಸಂತೆ ನಡೆಸಬೇಕೆಂದು ಸಭೆ ಸೇರಿದರೆ ಮಾತು ಸಾಮಾನ್ಯವಾಗಿ ಶಾಮಿಯಾನ, ಬ್ಯಾನರು, ಉದ್ಘಾಟನೆಗೆ ಬರುವ ಅತಿಥಿಗಳ ಸುತ್ತಲೇ ಸುತ್ತುತ್ತದೆ. ಇವೆಲ್ಲಕ್ಕೂ ಮುಂಚೆ ತೀರ್ಮಾನವಾಗಬೇಕಾದ ಸಂಗತಿ ಒಂದಿದೆ. ಬೆಳಗ್ಗೆ ಹನ್ನೊಂದು ಗಂಟೆಗೆ ಮಾರಾಟವಾಗದೆ ಉಳಿದ ಸೊಪ್ಪು, ಟೊಮೆಟೊ ಎಲ್ಲಿಗೆ ಹೋಗುತ್ತದೆ, ಅದರ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಎಷ್ಟು ರೈತರನ್ನು ಕರೆಯಬೇಕು, ಎಲ್ಲಿ ಕೂರಿಸಬೇಕು, ದರ ಹೇಗಿರಬೇಕು ಎಂಬ ಉಳಿದ ವಿಚಾರಗಳು ಒಂದೊಂದಾಗಿ ಬಗೆಹರಿಯುತ್ತವೆ. ಉತ್ತರ ಸಿಗದಿದ್ದರೆ ಸಂತೆ ಮೊದಲೆರಡು ವಾರ ಚೆನ್ನಾಗಿ ನಡೆದು, ಮೂರನೇ ವಾರಕ್ಕೆ ರೈತರೇ ಬರುವುದನ್ನು ನಿಲ್ಲಿಸುತ್ತಾರೆ.

ಕಾರಣ ಸರಳ. ಭಾರತೀಯ ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಪ್ರಬಂಧದ ಪ್ರಕಾರ, ಗ್ರಾಹಕರು ಟೊಮೆಟೊಗೆ ಕೊಡುವ ಪ್ರತಿ ರೂಪಾಯಿಯಲ್ಲಿ ರೈತರಿಗೆ ತಲುಪುವುದು ಸುಮಾರು 33 ಪೈಸೆ. ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37 ಪೈಸೆ. ಈ ಅಂಕಿ ನೋಡಿದವರಿಗೆ ಮಧ್ಯವರ್ತಿಯನ್ನು ತೆಗೆದುಹಾಕಿದರೆ ಸಾಕು ಅನ್ನಿಸುವುದು ಸಹಜ. ಆದರೆ ರೈತರು ಗೊತ್ತಿದ್ದೂ ಮಂಡಿಗೇ ಯಾಕೆ ಹೋಗುತ್ತಾರೆ? ಮಂಡಿಯಲ್ಲಿ ಹರಾಜಾದ ಮೇಲೆ ಮಾಲು ಪೂರ್ತಿ ಖಾಲಿ. ಕೋಲಾರದ ಮಾರುಕಟ್ಟೆಗೆ 15 ಕಿಲೋದ ಬಾಕ್ಸ್‌ಗಳಲ್ಲಿ ಟೊಮೆಟೊ ಒಯ್ದವರು ಬೆಲೆ ಕಡಿಮೆ ಸಿಕ್ಕಿದರೂ ಖಾಲಿ ಗಾಡಿಯಲ್ಲಿ ಊರಿಗೆ ಮರಳುತ್ತಾರೆ. ನಗರದ ಸಂತೆಯಲ್ಲಿ ಬೆಲೆ ಎರಡು ಪಟ್ಟು ಸಿಕ್ಕಿದರೂ ತಂದದ್ದರಲ್ಲಿ ಅರ್ಧ ಉಳಿದರೆ, ಗಾಡಿ ಬಾಡಿಗೆ ಕಳೆದು ಕೈಗೆ ಬರುವುದು ಮಂಡಿಗಿಂತ ಕಡಿಮೆಯೇ. ಸೊಪ್ಪಿನ ವಿಷಯದಲ್ಲಂತೂ ಇದು ಇನ್ನೂ ಕಠಿಣ. ಹಿಂದಿನ ಸಂಜೆ ಕಿತ್ತು, ಬೇರಿನ ಮಣ್ಣು ತೊಳೆದು, ಕಂತೆ ಕಟ್ಟಿ ಒದ್ದೆ ಗೋಣಿಯಲ್ಲಿ ಸುತ್ತಿ ತಂದ ಕೊತ್ತಂಬರಿ ಬೆಳಗ್ಗೆ ಏಳಕ್ಕೆ ನಳನಳಿಸುತ್ತಿರುತ್ತದೆ. ಒಂಬತ್ತಕ್ಕೆ ನೀರು ಚಿಮುಕಿಸಬೇಕು. ಹನ್ನೊಂದರ ಬಿಸಿಲಿಗೆ ಎಲೆ ಬಾಗಿ, ಮರುದಿನಕ್ಕೆ ಹಳದಿಯಾಗುತ್ತದೆ. ಅದನ್ನು ವಾಪಸ್ ಒಯ್ದು ಮಾರುವ ಮಾತೇ ಇಲ್ಲ.

ಹಾಗಾಗಿ ಮೊದಲ ಕೆಲಸ ಕೊಳ್ಳುವವರನ್ನು ಗೊತ್ತು ಮಾಡಿಕೊಳ್ಳುವುದು. ಹತ್ತು ಮಂದಿ ರೈತರು ತಲಾ 60 ಕಿಲೋ ತರುತ್ತಾರೆ ಎಂದಿಟ್ಟುಕೊಳ್ಳಿ, ಒಟ್ಟು 600 ಕಿಲೋ. ಒಂದು ಮನೆ ವಾರಕ್ಕೆ 5 ಕಿಲೋ ಕೊಂಡರೆ 120 ಮನೆ ಬೇಕು. ಇದರಲ್ಲಿ ಮೂರನೇ ಎರಡು ಭಾಗ, ಅಂದರೆ 80 ಮನೆ, ನಾಲ್ಕು ವಾರದ ಮುಂಗಡ ಕಟ್ಟಿ ಹೆಸರು ಬರೆಸುವ ತನಕ ದಿನಾಂಕ ಘೋಷಿಸಬೇಡಿ. ಹೆಸರು ಬರೆಸಿದವರು ಬುಧವಾರ ಅಥವಾ ಗುರುವಾರದೊಳಗೆ ಬೇಕಾದ ತರಕಾರಿ ತಿಳಿಸಲಿ. ರೈತರು ಅದನ್ನು ನೋಡಿ ಭಾನುವಾರದ ಸಂತೆಗೆ ಶನಿವಾರ ಸಂಜೆ ಕೊಯ್ಲು ಮಾಡಲಿ. ಮುಂಗಡ ಕೇಳಿದರೆ ಜನ ಬರುವುದಿಲ್ಲ ಎಂಬ ಅಳುಕು ಸಂಘಟಕರಲ್ಲಿ ಇರುತ್ತದೆ. ಮುಂಗಡಕ್ಕೆ 80 ಮನೆ ಸಿಗದ ಬಡಾವಣೆಯಲ್ಲಿ ಮಳೆ ಬಂದ ಭಾನುವಾರ ಎಂಟು ಮನೆಯವರೂ ಬರುವುದು ಅನುಮಾನ. ಅದು ರೈತರು ಬಂದು ಕೂತ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಒಳ್ಳೆಯದು. ಇನ್ನೊಂದು ಮಾತು: ತಿಂಗಳಿಗೊಮ್ಮೆಯ ಸಂತೆ ಬೇಡ, ವಾರಕ್ಕೊಮ್ಮೆ ಇರಲಿ. ತರಕಾರಿ ವಾರ ವಾರ ಕೊಳ್ಳುವ ವಸ್ತು, ತಿಂಗಳಿಗೊಮ್ಮೆ ಬರುವವರಿಗಾಗಿ ಯಾರೂ ತಮ್ಮ ರೂಢಿ ಬದಲಿಸುವುದಿಲ್ಲ.

ಇನ್ನು ರೈತರನ್ನು ಹುಡುಕುವ ಕೆಲಸ. ಹಳೇ ಮದ್ರಾಸು ರಸ್ತೆಯುದ್ದಕ್ಕೂ ಕೆ.ಆರ್. ಪುರ, ಎಲೆ ಮಲ್ಲಪ್ಪ ಶೆಟ್ಟಿ ಕೆರೆ ದಾಟಿ ಹೊಸಕೋಟೆ, ನರಸಾಪುರ, ಕೋಲಾರದವರೆಗೆ ಕೆರೆಗಳ ಸಾಲು, ಕೆರೆಯ ಸುತ್ತ ತರಕಾರಿ ಬೆಳೆಯುವ ಊರುಗಳು. ಈ ದಿಕ್ಕಿನ ಒಂದೆರಡು ಊರುಗಳಿಂದಲೇ ರೈತರನ್ನು ಆರಿಸಿ, ಒಂದೇ ಟಾಟಾ ಏಸ್‌ನಲ್ಲಿ ಎಲ್ಲರ ಮಾಲೂ ಬರುವಂತಿದ್ದರೆ ಬಾಡಿಗೆ ಹಂಚಿಹೋಗುತ್ತದೆ. ಬೇಸಾಯ ಬಿಟ್ಟು ಪ್ರತಿ ವಾರ ಬರುವುದು ಯಾರಿಗೂ ಆಗದ ಮಾತು. ಐದು ರೈತ ಮನೆಯವರು ಸೇರಿ ಸರದಿಯಲ್ಲಿ ಇಬ್ಬರು ಬಂದು ಎಲ್ಲರದನ್ನೂ ಮಾರಲಿ. ಬಂದವರು ನಿಜಕ್ಕೂ ಬೆಳೆಗಾರರೇ ಎಂದು ತಿಳಿಯಲು ಪಹಣಿ ಮತ್ತು ರಾಜ್ಯದ ರೈತ ನೋಂದಣಿ ವ್ಯವಸ್ಥೆಯಾದ ‘ಫ್ರೂಟ್ಸ್’ನ ಗುರುತಿನ ಸಂಖ್ಯೆ ಕೇಳಿ, ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯನ್ನು ತಾಳೆ ನೋಡಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಪಾಲಿಗೆ ಅಥವಾ ಗುತ್ತಿಗೆಗೆ ಜಮೀನು ಮಾಡುವವರ ಹೆಸರು ಪಹಣಿಯಲ್ಲಿ ಇರುವುದಿಲ್ಲ, ದಿನವಿಡೀ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳ ಹೆಸರೂ ಹೆಚ್ಚಾಗಿ ಇರುವುದಿಲ್ಲ. ಅಂಥವರ ಹೊಲಕ್ಕೆ ಒಮ್ಮೆ ಹೋಗಿ ನೋಡಿ ಬರುವುದೇ ಸರಿಯಾದ ಪರಿಶೀಲನೆ. ತಮಿಳುನಾಡಿನಲ್ಲಿ 1999ರಲ್ಲಿ ಮದುರೈಯಿಂದ ಶುರುವಾದ ಉಳವರ್ ಸಂದೈಗಳಲ್ಲೂ ಹೊಲದ ಪರಿಶೀಲನೆಯ ಮೇಲೆಯೇ ರೈತರಿಗೆ ಗುರುತಿನ ಚೀಟಿ ಕೊಡುವ ಕ್ರಮವಿದೆ.

ಹೊಲಕ್ಕೆ ಹೋದಾಗ ನೀರಿನ ಮೂಲವನ್ನೂ ಕೇಳಿ ಬರೆದುಕೊಳ್ಳಬೇಕು, ಏಕೆಂದರೆ ಗ್ರಾಹಕರು ಎತ್ತುವ ಮೊದಲ ಆಕ್ಷೇಪವೇ ಇದು. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರ ಜೂನ್‌ನಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗಳು ಎಂಬುದು ಯೋಜನೆಯ ಲೆಕ್ಕ. ಅಂತರ್ಜಲ ತುಂಬಿಸುವುದು ಅದರ ಉದ್ದೇಶ. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಆಗಬೇಕೆಂದು ಕೋಲಾರದ ರೈತ ಹೋರಾಟಗಾರರೇ ಒತ್ತಾಯಿಸುತ್ತ ಬಂದಿದ್ದಾರೆ. ನಾವು ಬಳಸಿ ಬಿಟ್ಟ ನೀರು ಅವರ ಕೆರೆ ಸೇರಿದೆ. ಅದನ್ನೇ ನೆಪ ಮಾಡಿ ಅವರ ತರಕಾರಿಯನ್ನು ದೂರ ಇಡುವುದು ನ್ಯಾಯವಲ್ಲ, ಹಾಗೆಂದು ಗ್ರಾಹಕರಿಂದ ವಿಷಯ ಮುಚ್ಚಿಡುವುದೂ ಸರಿಯಲ್ಲ. ಪ್ರತಿ ಅಂಗಡಿಯ ಮುಂದಿನ ಹಲಗೆಯಲ್ಲಿ ಊರು, ಬೆಳೆ, ದರದ ಜೊತೆಗೆ ‘ಕೊಳವೆ ಬಾವಿ ನೀರು’, ‘ಕೆರೆ ನೀರು’ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಕೆರೆ ನೀರನ್ನು ನೇರವಾಗಿ ಹಾಯಿಸಿದ ಹೊಲದಿಂದ ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಸೌತೆ ತರಿಸಬೇಡಿ. ಸಂಘದ ಹಣದಲ್ಲಿ ವರ್ಷಕ್ಕೊಮ್ಮೆಯಾದರೂ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ, ಫಲಿತಾಂಶವನ್ನು ಸಂತೆಯಲ್ಲೇ ತೂಗುಹಾಕಿ. ಎಲ್ಲಕ್ಕೂ ಸಾವಯವ ಎಂಬ ಹಣೆಪಟ್ಟಿ ಹಚ್ಚುವ ಆತುರ ಮಾತ್ರ ಬೇಡ, ಪ್ರಮಾಣಪತ್ರ ಇದ್ದವರಷ್ಟೇ ಹಾಗೆ ಹೇಳಿಕೊಳ್ಳಲಿ.

ಜಾಗದ ವಿಷಯದಲ್ಲಿ ಎಲ್ಲರ ಕಣ್ಣು ಹೋಗುವುದು ಕೋಲ್ಸ್ ಪಾರ್ಕ್‌ಗೆ ಅಥವಾ ಹಲಸೂರು ಕೆರೆಯ ದಡಕ್ಕೆ. ಎರಡೂ ಬೇಡ. ಉದ್ಯಾನಗಳ ಬಳಕೆಗೆ 1985ರ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಕಾಯ್ದೆಯ ಕಟ್ಟುಪಾಡುಗಳಿವೆ. ಕೆರೆ ದಡದಲ್ಲಿ ಸೊಪ್ಪು ತೊಳೆದ ನೀರು, ಕೊಳೆತ ತರಕಾರಿ ಕೊನೆಗೆ ಕೆರೆಯನ್ನೇ ಸೇರುತ್ತವೆ. 2016ರ ಮಾರ್ಚ್‌ನಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ ಕೆರೆ ಅದು, ಮತ್ತಷ್ಟು ಹೊರೆ ಅದಕ್ಕೆ ಬೇಡ. ರಸ್ತೆಯೂ ಸರಿಯಲ್ಲ. ವಿ.ವಿ. ಪುರದ ರಸ್ತೆಯಲ್ಲಿ ನಡೆಯುತ್ತಿದ್ದ ಅವರೆಕಾಯಿ ಮೇಳ 2023ರಲ್ಲಿ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಯಿತು. ಮೊದಲೇ ವಾಹನದಟ್ಟಣೆಯಿಂದ ನಲುಗುವ ಮಾಸ್ಕ್ ರೋಡ್, ವೀಲರ್ ರೋಡ್‌ಗಳಲ್ಲಿ ಸಂತೆ ಕೂರಿಸಿದರೆ ಮೊದಲ ದೂರು ಅಕ್ಕಪಕ್ಕದ ಮನೆಯಿಂದಲೇ ಬರುತ್ತದೆ. ಭಾನುವಾರ ಖಾಲಿ ಇರುವ ಶಾಲೆಯ ಅಂಗಳವೇ ಸೂಕ್ತ. ನೆರಳು, ನಲ್ಲಿ, ಶೌಚಾಲಯ ಮೂರೂ ಅಲ್ಲಿರುತ್ತವೆ. ನಸುಕಿನಲ್ಲೇ ಮನೆ ಬಿಟ್ಟು ಬಂದ ರೈತ ಮಹಿಳೆಗೆ ಶೌಚಾಲಯವಿಲ್ಲದ ಸಂತೆ ಸಂತೆಯೇ ಅಲ್ಲ.

ಶಾಲೆಯ ಆಡಳಿತದಿಂದ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯೊಂದಿಗೆ ಪೊಲೀಸ್ ಠಾಣೆಗೂ ನಗರ ಪಾಲಿಕೆಯ ವಾರ್ಡ್ ಕಚೇರಿಗೂ ಅರ್ಜಿ ಕೊಡಿ. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಮೂಲದಲ್ಲೇ ಬೇರ್ಪಡಿಸಬೇಕು ಎಂಬುದು ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಇದೆ. ಪ್ಲಾಸ್ಟಿಕ್ ಕೈಚೀಲ ರಾಜ್ಯದಲ್ಲಿ 2016ರಿಂದಲೇ ನಿಷಿದ್ಧ, ಚೀಲ ಮನೆಯಿಂದಲೇ ತರಬೇಕೆಂದು ಮೊದಲ ದಿನವೇ ಹೇಳಿಬಿಡಿ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ತರುವ ಸ್ವಸಹಾಯ ಸಂಘಗಳು ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ ತೋರಿಸಬೇಕು. ತಕ್ಕಡಿಗಳು ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಬಿದ್ದವಾಗಿರಲಿ. ಎಲ್ಲರಿಗೂ ಕಾಣುವಂತೆ ಒಂದು ಮರುತೂಕದ ತಕ್ಕಡಿಯನ್ನು ಸಂಘವೇ ಇಟ್ಟರೆ ಅರ್ಧ ಜಗಳ ತಪ್ಪುತ್ತದೆ.

ದರ ಕಟ್ಟುವುದಕ್ಕೆ ಎರಡು ಆಧಾರಗಳಿವೆ. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಮಂಡಿಯ ಸಗಟು ದರ ಸಿಗುತ್ತದೆ, ಹಾಪ್‌ಕಾಮ್ಸ್ ತನ್ನ ಚಿಲ್ಲರೆ ದರಪಟ್ಟಿ ಪ್ರಕಟಿಸುತ್ತದೆ. ಇವೆರಡರ ನಡುವೆ, ಹಾಪ್‌ಕಾಮ್ಸ್ ದರಕ್ಕೆ ತುಸು ಹತ್ತಿರವಾಗಿ ನಿಗದಿ ಮಾಡಿದರೆ ರೈತರಿಗೂ ಗಿಟ್ಟುತ್ತದೆ, ಕೊಳ್ಳುವವರಿಗೂ ಹೊರೆಯಲ್ಲ. ಅದಕ್ಕಿಂತ ಕೆಳಗೆ ಇಳಿಸುವುದಕ್ಕೆ ನನ್ನ ವಿರೋಧವಿದೆ. ಬೀದಿಯ ತಳ್ಳುಗಾಡಿಯವರ ಹೊಟ್ಟೆಯ ಮೇಲೆ ಹೊಡೆಯುವ ಸಂತೆ ಬೇಕೇ ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ. ಆ ಆಕ್ಷೇಪ ತೂಕವುಳ್ಳದ್ದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ, ವಾರದ ಉಳಿದ ಆರು ದಿನ ಬಡಾವಣೆಗೆ ತರಕಾರಿ ತಲುಪಿಸುವವರೂ ಅವರೇ. ದರದಲ್ಲಿ ಅವರೊಂದಿಗೆ ಪೈಪೋಟಿಗೆ ಇಳಿಯದೆ, ಅವರ ಗಾಡಿಯಲ್ಲಿ ಅಪರೂಪವಾದ ಬೆರಕೆ ಸೊಪ್ಪು, ಚಕ್ಕೋತ ಸೊಪ್ಪು, ಸೊಗಡು ಅವರೆ, ನಾಟಿ ಟೊಮೆಟೊ, ರಾಗಿ, ಹುರುಳಿಗೆ ಒತ್ತು ಕೊಡಿ. ಹತ್ತೂವರೆಯ ನಂತರ ಉಳಿದ ಮಾಲನ್ನು ಸಗಟು ದರಕ್ಕೆ ಕೊಳ್ಳುವ ಮೊದಲ ಅವಕಾಶವನ್ನೂ ಅವರಿಗೇ ಕೊಡಿ. ಮಂಡಿಗೆ ಹೋಗುವ ಖರ್ಚು ಅವರಿಗೆ ಉಳಿಯುತ್ತದೆ, ವಾಪಸ್ ಒಯ್ಯುವ ಸಂಕಟ ರೈತರಿಗೆ ತಪ್ಪುತ್ತದೆ.

ಅದಾದ ಮೇಲೂ ಉಳಿದದ್ದಕ್ಕೆ ಈ ಬಡಾವಣೆಯಲ್ಲಿ ದಾರಿ ಇದೆ. ಇಲ್ಲಿನ ಬಿರಿಯಾನಿ ಹೋಟೆಲುಗಳಿಗೆ ಪುದೀನ, ಕೊತ್ತಂಬರಿ, ಈರುಳ್ಳಿ, ಟೊಮೆಟೊ, ನಿಂಬೆ ದಿನವೂ ಬೇಕು. ಮೂರು ನಾಲ್ಕು ಹೋಟೆಲುಗಳೊಂದಿಗೆ ಮೊದಲೇ ಮಾತಾಡಿ, ಭಾನುವಾರ ಹನ್ನೊಂದಕ್ಕೆ ಇಂತಿಷ್ಟು ಕಿಲೋವರೆಗೆ ಕೊಳ್ಳುತ್ತೇವೆ ಎಂಬ ಒಪ್ಪಂದ ಬರೆಸಿಕೊಳ್ಳಿ. ರಂಜಾನ್ ತಿಂಗಳಲ್ಲಿ ಕಲ್ಲಂಗಡಿ, ಕರ್ಬೂಜ, ಪುದೀನ ಹೆಚ್ಚು ತರಿಸಬಹುದು. ಹೋಟೆಲೂ ಬೇಡವೆಂದದ್ದನ್ನು ಸಂಘವೇ ಮಂಡಿ ದರಕ್ಕೆ ಕೊಂಡು ಹತ್ತಿರದ ವೃದ್ಧಾಶ್ರಮ, ಅನಾಥಾಲಯಗಳ ಅಡುಗೆಮನೆಗೆ ಕೊಡಲಿ. ಇದಕ್ಕೆ ಬೇಕಾದ ಹಣವನ್ನು ರೈತರಿಂದ ಅಂಗಡಿ ಬಾಡಿಗೆಯಾಗಿ ವಸೂಲಿ ಮಾಡಬಾರದು. ಮುಂಗಡ ಕಟ್ಟುವ ಮನೆಗಳಿಂದ ತಿಂಗಳಿಗೆ ಒಂದಿಷ್ಟು ಸದಸ್ಯ ಶುಲ್ಕ ಪಡೆದು ‘ಉಳಿಕೆ ನಿಧಿ’ ಎಂದು ಪ್ರತ್ಯೇಕ ಖಾತೆಯಲ್ಲಿ ಇಡಿ. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತರಕಾರಿ ಬರುವ ಕಾಲದಲ್ಲಿ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಬೇಗ ತಲುಪಿಸುವುದರಲ್ಲಿ ಸಂತೆ ಆ್ಯಪ್‌ಗಳನ್ನು ಗೆಲ್ಲುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ. ಯಾವ ಊರಿನ ಯಾವ ಹೊಲ, ಯಾವ ನೀರು ಎಂದು ಬೆಳೆದವರನ್ನೇ ಕೇಳಿ ಕೊಳ್ಳುವ ಅವಕಾಶ ಆ್ಯಪ್‌ನಲ್ಲಿ ಇಲ್ಲ. ಈ ನೀರಿನ ಪ್ರಶ್ನೆ ಇರುವಾಗ ಅದು ಸಣ್ಣ ಸಂಗತಿಯೂ ಅಲ್ಲ.

ಹಾಡು, ಕುಣಿತ, ವೇದಿಕೆ? ವಾರದ ಸಂತೆಗೆ ಬೇಡ. ವೇದಿಕೆ ನೋಡಲು ಬಂದವರು ನೋಡಿ ಹೋಗುತ್ತಾರೆ, ಚೀಲ ತಂದಿರುವುದಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರಕ್ಕೆ ಕಟ್ಟುಬಿದ್ದು ತಲೆಮಾರುಗಳಿಂದ ನಡೆದಿರುವುದು ಜನ ಕಡಲೆಕಾಯಿಗಾಗಿಯೇ ಬರುವುದರಿಂದ. ಹಬ್ಬ ಮಾಡುವುದಾದರೆ ವರ್ಷಕ್ಕೆ ಎರಡು ಮೂರು ಸಾಕು: ಜನವರಿಯಲ್ಲಿ ಅವರೆ, ಬೇಸಿಗೆ ಹೊತ್ತಿಗೆ ಬೆಂಗಳೂರು ನೀಲಿ ದ್ರಾಕ್ಷಿ, ಮೇ–ಜೂನ್‌ನಲ್ಲಿ ಮಾವು, ಹಲಸು.

ಕೊನೆಯದಾಗಿ ಲೆಕ್ಕ. ಪ್ರತಿ ವಾರ ಪ್ರತಿಯೊಬ್ಬ ರೈತರಿಂದ ಮೂರು ಅಂಕಿ ಬರೆದುಕೊಳ್ಳಿ: ತಂದದ್ದೆಷ್ಟು, ಉಳಿದದ್ದೆಷ್ಟು, ಬಾಡಿಗೆ ಕಳೆದು ಕೈಗೆ ಬಂದದ್ದೆಷ್ಟು. ಅದೇ ಮಾಲನ್ನು ಆ ದಿನ ಮಂಡಿಗೆ ಹಾಕಿದ್ದರೆ ಎಷ್ಟು ಸಿಗುತ್ತಿತ್ತು ಎಂದು ಪಕ್ಕದಲ್ಲಿ ಬರೆಯಿರಿ. ಮೂರು ತಿಂಗಳಾದ ಮೇಲೆ ರೈತರನ್ನೂ ಮುಂಗಡ ಕಟ್ಟಿದ ಮನೆಯವರನ್ನೂ ಒಟ್ಟಿಗೆ ಕೂರಿಸಿ ಈ ಪಟ್ಟಿ ಓದಿ ಹೇಳಿ. ಸಂತೆಯಲ್ಲಿ ಕೈಗೆ ಬಂದದ್ದು ಮಂಡಿಗಿಂತ ಕಡಿಮೆಯಾಗಿದ್ದರೆ ದರ ಏರಿಸಲು ಹೋಗಬೇಡಿ, ಪ್ರಚಾರಕ್ಕೂ ಹಣ ಸುರಿಯಬೇಡಿ. ಹತ್ತು ಮಂದಿ ರೈತರಿದ್ದ ಕಡೆ ಆರು ಮಂದಿ ಮಾಡಿ, ಬಿಟ್ಟವರಿಗೆ ಸರದಿಯಲ್ಲಿ ಜಾಗ ಕೊಡಿ. ಮುಂಗಡದ ಮನೆಗಳು ಹೆಚ್ಚಾದಂತೆ ಒಬ್ಬೊಬ್ಬರನ್ನೇ ಮತ್ತೆ ಸೇರಿಸಿಕೊಳ್ಳಿ.