ಅಣುಗಳ ಅತಿಥಿಸತ್ಕಾರ

ಡೊಂಬಿವಲಿ, ಕಲ್ಯಾಣಗಳಲ್ಲಿ ನಮ್ಮ ಮನೆಗಳು ಚಿಕ್ಕವು. ಆದರೂ ಊರಿನಿಂದ ಬಂದ ಅತಿಥಿಗೆ ಸ್ಥಳವಿಲ್ಲವೆಂದು ನಾವು ಹೇಳುವುದಿಲ್ಲ. ಅತಿಥಿಯು ನಾಲ್ಕು ದಿನವಿದ್ದು ಬಂದಂತೆಯೇ ಹಿಂದಿರುಗುತ್ತಾನೆ. ಅಣುಗಳ ಲೋಕದಲ್ಲಿಯೂ ಇಂತಹ ಸತ್ಕಾರವುಂಟು.

ನಾವು ಪಾಠದಲ್ಲಿ ಓದಿರುವ ರಾಸಾಯನಿಕ ಸಂಯೋಗದಲ್ಲಿ ಪರಮಾಣುಗಳು ಗಟ್ಟಿಯಾಗಿ ಬೆಸೆದುಕೊಂಡು ಹೊಸ ವಸ್ತುವಾಗುತ್ತವೆ. ಇಲ್ಲಿ ಹಾಗಲ್ಲ. ಉಂಗುರದಾಕಾರದ ದೊಡ್ಡ ಅಣುವಿನ ಕುಹರದಲ್ಲಿ ಚಿಕ್ಕ ಅಣುವೊಂದು ಬಂದು ನೆಲೆಸುತ್ತದೆ. ದೊಡ್ಡದು ಆತಿಥೇಯ, ಚಿಕ್ಕದು ಅತಿಥಿ. ಇವುಗಳ ನಡುವಿನ ಸೆಳೆತ ಮೃದುವಾದುದು. ಅತಿಥಿಯು ಹೊರಬಂದಾಗ ಮೊದಲಿನಂತೆಯೇ ಇರುತ್ತದೆ.

ಅನ್ನದ ಗಂಜಿಯಲ್ಲಿರುವ ಪಿಷ್ಟವು ಗ್ಲೂಕೋಸ್ ಘಟಕಗಳ ಸರಪಳಿ. ಕೆಲವು ಸೂಕ್ಷ್ಮಜೀವಿಗಳ ಕಿಣ್ವವು ಆ ಸರಪಳಿಯ ತುಂಡುಗಳನ್ನು ಬಳೆಯಂತೆ ಮುಚ್ಚುತ್ತದೆ. ಫ್ರಾನ್ಸಿನ ವಿಲಿಯೆ ಎಂಬವರು 1891ರಲ್ಲಿ ಮೊದಲು ವರ್ಣಿಸಿದ ಈ ಬಳೆಗಳೇ ಸೈಕ್ಲೋಡೆಕ್ಸ್ಟ್ರಿನ್‌ಗಳು. ಆಲ್ಫಾ ಬಳೆಯಲ್ಲಿ 6, ಬೀಟಾದಲ್ಲಿ 7, ಗಾಮಾದಲ್ಲಿ 8 ಗ್ಲೂಕೋಸ್ ಘಟಕಗಳಿವೆ. ಬಳೆಯ ಹೊರಮೈ ನೀರಿಗೆ ಒಲಿದದ್ದು. ಒಳಮೈ ಅಷ್ಟಾಗಿ ಒಲಿಯದು. ಆದುದರಿಂದ ನೀರಿನಲ್ಲಿ ಕರಗಲೊಲ್ಲದ ಅಣುವು, ಗಾತ್ರ ಹೊಂದಿಕೆಯಾದರೆ, ಒಳಸೇರುತ್ತದೆ. ತೆರೆದಿಟ್ಟ ಕರ್ಪೂರವು ಆವಿಯಾಗಿ ಹೋಗುವುದನ್ನು ನಾವು ಬಲ್ಲೆವು. ಬೀಟಾ ಬಳೆಯನ್ನು ಸೇರಿದ ಕರ್ಪೂರವು ಅಷ್ಟು ಬೇಗ ಹಾರಿಹೋಗದು.

ಈ ವಿದ್ಯೆ ನಮ್ಮ ನೆರೆಯಲ್ಲಿಯೂ ಬೆಳೆದಿದೆ. ವಾಶಿಯಿಂದ ಮಾನ್‌ಖುರ್ದಿಗೆ ಹೋಗುವ ರೈಲು ಠಾಣೆಯ ಖಾಡಿಯನ್ನು ದಾಟುವಾಗ ಎಡಕ್ಕೆ ಟ್ರಾಂಬೆಯ ಗುಡ್ಡ ಕಾಣುತ್ತದೆ. ಅಲ್ಲಿರುವ ಭಾಭಾ ಪರಮಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಕುಕುರ್ಬಿಟುರಿಲ್ ಎಂಬ ಆತಿಥೇಯವನ್ನು ಅಭ್ಯಸಿಸಿದ್ದಾರೆ. ಟೊಳ್ಳು ಕುಂಬಳಕಾಯಿಯನ್ನು ಹೋಲುವುದರಿಂದ ಅದಕ್ಕೆ ಆ ಹೆಸರು. ಕೆಲವು ಬಣ್ಣದ ಅಣುಗಳು ಅದರೊಳಗೆ ಹೊಕ್ಕೊಡನೆ ಹೆಚ್ಚು ಹೊಳೆಯುತ್ತವೆ; ಅತಿಥಿ ಬಂದ ಸುದ್ದಿಯನ್ನು ಬೆಳಕೇ ತಿಳಿಸುತ್ತದೆ.

ಇದು ಕೇವಲ ಕೌತುಕವಲ್ಲ. ಪ್ರಾಣಕ್ಕೆ ಸಂಬಂಧಿಸಿದ ಮಾತು. ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಗೊಳಿಸಲು ರೊಕುರೋನಿಯಂ ಎಂಬ ಮದ್ದನ್ನು ಕೊಡುವುದುಂಟು. ಆಗ ರೋಗಿಯು ತಾನಾಗಿ ಉಸಿರಾಡಲಾರನು, ಯಂತ್ರವು ಉಸಿರಾಡಿಸುತ್ತದೆ. ಚಿಕಿತ್ಸೆ ಮುಗಿದ ಮೇಲೂ ಮದ್ದಿನ ಪ್ರಭಾವ ಉಳಿದರೆ ಅಪಾಯ. ಗಾಮಾ ಬಳೆಯನ್ನೇ ಮಾರ್ಪಡಿಸಿ ರಚಿಸಿದ ಸುಗಮಡೆಕ್ಸ್ ಎಂಬ ಔಷಧವು ರಕ್ತದಲ್ಲಿ ರೊಕುರೋನಿಯಂ ಅಣುವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಎರಡೂ ಮೂತ್ರದೊಡನೆ ಹೊರಹೋಗುತ್ತವೆ. ಯೂರೋಪು ಇದಕ್ಕೆ 2008ರಲ್ಲಿ ಒಪ್ಪಿಗೆಯಿತ್ತಿತು. ಆತಿಥೇಯ ಅಣುಗಳನ್ನು ನಿರ್ಮಿಸಿದ ಪೆಡರ್ಸನ್, ಕ್ರಾಮ್, ಲೆನ್ ಎಂಬ ಮೂವರಿಗೆ 1987ರಲ್ಲಿಯೇ ನೊಬೆಲ್ ಪಾರಿತೋಷಕ ಸಂದಿತ್ತು.

ಬೆಸೆದುಕೊಂಡದ್ದು ಮಾತ್ರವೇ ಸಂಬಂಧವೆಂದು ನಾವು ಭಾವಿಸಬಾರದು. ತಕ್ಕಷ್ಟು ಎಡೆಯಿತ್ತು ಬರಮಾಡಿಕೊಳ್ಳುವುದೂ ಸಂಬಂಧವೇ. ಅದು ನಿಲ್ಲಲಿದ್ದ ಉಸಿರನ್ನು ಮರಳಿಸಬಲ್ಲದು.