ಹಾಸು ಹಾಕುವ ಕೂಲಿಕಾರ ಚಾರ್ಲ್ಸ್ ಹೋವರ್ಥ್

ವಡಗಾವಿಯ ನೇಕಾರರ ಓಣಿಗಳಲ್ಲಿ ಬೆಳೆದ ಬಾಲಿಕೆಯರಿಗೆ ಹಾಸು ಯಾವುದು, ಹೊಕ್ಕು ಯಾವುದು ಎಂಬುದನ್ನು ಕಲಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿಯೂ ರಾಚ್‌ಡೇಲ್ ಎಂಬ ನೇಕಾರರ ಪಟ್ಟಣವೊಂದಿತ್ತು. ಅಲ್ಲಿ ಹತ್ತಿಯ ಗಿರಣಿಯಲ್ಲಿ ಹಾಸು ಹಾಕಿ ಕೂಲಿ ಪಡೆಯುತ್ತಿದ್ದ ಚಾರ್ಲ್ಸ್ ಹೋವರ್ಥನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆನು.

ಆ ಕಾಲದಲ್ಲಿ ಯಂತ್ರದ ಮಗ್ಗಗಳು ಬಂದು ಕೈಮಗ್ಗದವರ ಕೂಲಿಯು ಬಹಳ ಇಳಿದಿತ್ತು. ಕೂಲಿ ಸಾಲದವರು ಅಂಗಡಿಯಿಂದ ಉದ್ರಿ ತರುವರು. ಉದ್ರಿ ತಂದವರು ಕಲಬೆರಕೆಯ ಹಿಟ್ಟನ್ನು ಕಂಡರೂ ಕಡಿಮೆ ತೂಕವನ್ನು ಕಂಡರೂ ಬಾಯಿ ತೆರೆಯಲಾರರು. ರಾಬರ್ಟ್ ಓವೆನ್ನನ ಬೋಧೆಯನ್ನು ಅನುಸರಿಸುತ್ತಿದ್ದ ಹೋವರ್ಥನೂ ಆತನ ಜೊತೆಗಾರರೂ 1833ರಲ್ಲಿ ತಮ್ಮದೇ ಅಂಗಡಿಯೊಂದನ್ನು ತೆರೆದರು. ಅದು ಎರಡು ವರ್ಷಗಳಲ್ಲಿ ಮುಚ್ಚಿತು. ತಮ್ಮವರಿಗೇ ಉದ್ರಿ ಕೊಟ್ಟದ್ದು ಅದಕ್ಕೆ ಕಾರಣ.

ಅವರು ಎದೆಗುಂದಲಿಲ್ಲ. ವಾರಕ್ಕೆ ಎರಡು ಮೂರು ಪೆನ್ನಿಗಳಂತೆ ಕೂಡಿಟ್ಟು 28 ಪೌಂಡು ಸೇರಿಸಿ, 1844ನೆಯ ಡಿಸೆಂಬರ್ 21ರ ಸಾಯಂಕಾಲ ಟೋಡ್ ಲೇನ್ ಎಂಬ ಬೀದಿಯಲ್ಲಿ ಮತ್ತೆ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಧಾನ್ಯದ ಹಿಟ್ಟು, ಕೆಲವು ಮೇಣದ ಬತ್ತಿ, ಇಷ್ಟೇ ಸರಕು. ಗಿರಣಿಯ ಹುಡುಗರು ಹೊರಗೆ ನಿಂತು ಗೇಲಿ ಮಾಡಿದರು. ಈ ಸಾರಿ ಉದ್ರಿ ಇಲ್ಲ. ಸರಿಯಾದ ತೂಕ, ಶುದ್ಧವಾದ ಸಾಮಾನು. ಪಾಲು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ.

ಲಾಭದ ಹಂಚಿಕೆಯಲ್ಲಿ ಹೋವರ್ಥನ ಬುದ್ಧಿಯು ಕಾಣುತ್ತದೆ. ಪಾಲಿನ ಹಣಕ್ಕೆ ಗೊತ್ತಾದ ಬಡ್ಡಿಯನ್ನು ಕೊಟ್ಟು, ಉಳಿದದ್ದನ್ನು ಕೊಂಡ ಸಾಮಾನಿನ ಪ್ರಮಾಣಕ್ಕೆ ಹಂಚಬೇಕೆಂದನು. ರೂಪಾಯಿಗೆ 5 ಪೈಸೆ ಉಳಿಯಿತೆನ್ನಿರಿ: 200 ರೂಪಾಯಿ ಸಾಮಾನು ಕೊಂಡವಳಿಗೆ 10 ರೂಪಾಯಿ, 1000 ರೂಪಾಯಿ ಸಾಮಾನು ಕೊಂಡವಳಿಗೆ 50. ಇಂಥ ಹಂಚಿಕೆಯು ಬೇರೆ ಕಡೆಗೆ ಮೊದಲೇ ಇತ್ತೆಂದು ಚರಿತ್ರಕಾರರು ಹೇಳುವರು. ಆದರೂ ಅದನ್ನು ನಡೆಸಿ ಲೋಕಕ್ಕೆ ತೋರಿಸಿದವರು ರಾಚ್‌ಡೇಲಿನವರು.

ಹಿಟ್ಟು ಬೆಣ್ಣೆಗಳನ್ನು ಕೊಳ್ಳುವವರು ಹೆಚ್ಚಾಗಿ ಯಾರು? ಮನೆಯ ಹೆಂಗಸರು. ಆದ್ದರಿಂದ ಸ್ತ್ರೀಯರು ತಮ್ಮ ಹೆಸರಿನಲ್ಲಿಯೇ ಪಾಲುಗಾರರಾದದ್ದು ಸಣ್ಣ ಸಂಗತಿಯಲ್ಲ. 1846ರಲ್ಲಿ ಎಲೈಜಾ ಬ್ರಯರ್ಲಿ ಎಂಬಾಕೆಯು ಸಂಘದ ಮೊದಲನೆಯ ಸ್ತ್ರೀ ಸದಸ್ಯಳಾದಳು. ಇಂಗ್ಲೆಂಡಿನ ಕಾಯಿದೆಯು ವಿವಾಹಿತ ಸ್ತ್ರೀಗೆ ತಾನು ದುಡಿದ ಕೂಲಿಯ ಮೇಲೆ ಹಕ್ಕು ಕೊಟ್ಟದ್ದು 1870ರಲ್ಲಿ! ಈ ಎರಡು ಇಸವಿಗಳನ್ನು ಬಾಲಿಕೆಯರು ಒಟ್ಟಿಗೆ ನೆನಪಿಟ್ಟುಕೊಳ್ಳತಕ್ಕದ್ದು.

ಗಿರಣಿಯಲ್ಲಿ ಸ್ತ್ರೀಯರೂ ಹುಡುಗರೂ ದಿನಕ್ಕೆ ಹತ್ತೇ ತಾಸು ದುಡಿಯಬೇಕೆಂಬ ಕಾಯಿದೆಗಾಗಿಯೂ ಹೋವರ್ಥನು ಶ್ರಮಪಟ್ಟನು. ಅದು 1847ರಲ್ಲಿ ಆಯಿತು. 1868ರಲ್ಲಿ ಆತನು ತೀರಿಕೊಂಡನು.

ನಮ್ಮ ನಾಡಿನಲ್ಲಿ ಇಂಥ ಕಾರ್ಯವು ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಮೊದಲಾಯಿತು. ಅದನ್ನು ಸ್ಥಾಪಿಸಿದ ಸಿದ್ದನಗೌಡ ಪಾಟೀಲರು ಕೂಲಿಕಾರರಲ್ಲ, ಊರ ಗೌಡರು. ಅದು ಅಂಗಡಿಯೂ ಅಲ್ಲ, ರೈತರಿಗೆ ಸಾಲ ಕೊಡುವ ಪತ್ತಿನ ಸಂಘ. ಗದಗಿನ ಕಡೆಗೆ ಬಂಧುಗಳಿರುವ ಬಾಲಿಕೆಯರು ರಜೆಯಲ್ಲಿ ಆ ಊರನ್ನು ನೋಡಿಬರಲಿ.